ಶಹಾಪುರದಿಂದ ಬಾಲಿ ದ್ವೀಪಕ್ಕೆ: ಮುಂದಿನ ಆಸನ ಯಾರಿಗೆ?

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಆದರೆ ದೇಶ ಸುತ್ತಲು ಹೊರಟವರು ಮೊದಲು ವಿಮಾನದ ಟಿಕೆಟ್ಟನ್ನೇ ಒಂದು ಕೋಶದಂತೆ ಓದಬೇಕಾಗುತ್ತದೆ ಎಂಬ ಸಂಗತಿ 2024ರ ಬೇಸಿಗೆಯಲ್ಲಿ ನಮಗೆ ತಿಳಿದುಬಂದಿತು. ಆ ಅನುಭವವನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಮ್ಮದು ಶಹಾಪುರ ತಾಲ್ಲೂಕಿನ ಒಕ್ಕಲುತನದ ಮನೆ. ನಾರಾಯಣಪುರದ ಬಸವಸಾಗರದಿಂದ ಹರಿದು ಬರುವ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವವರು ನಾವು. ತಮ್ಮನು ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾನೆ, ಅವನಿಗಿನ್ನೂ ಲಗ್ನವಾಗಿಲ್ಲ. ಆ ವರ್ಷ ನಮ್ಮ ಅವ್ವನವರಿಗೆ ಎಪ್ಪತ್ತು ತುಂಬಿತು. ಏನು ಬೇಕು ಎಂದು ಮಕ್ಕಳಿಬ್ಬರೂ ಕೇಳಿದಾಗ ಅವರು ಸೀರೆಯನ್ನೂ ಕೇಳಲಿಲ್ಲ, ಬಂಗಾರವನ್ನೂ ಕೇಳಲಿಲ್ಲ. ಒಮ್ಮೆ ಸಮುದ್ರ ನೋಡಬೇಕು ಎಂದರು. ಕೃಷ್ಣೆ, ಭೀಮೆಯರ ನಡುವೆ ಹುಟ್ಟಿ ಬೆಳೆದ ಆ ಜೀವ ಅದುವರೆಗೆ ಸಮುದ್ರವನ್ನು ಕಂಡಿರಲಿಲ್ಲ.

ಸಮುದ್ರ ಎಂದೊಡನೆ ಮೊಮ್ಮಕ್ಕಳು ಬಾಲಿ ದ್ವೀಪದ ಹೆಸರು ಹೇಳಿದರು. ಅವ್ವನಿಗೆ ದ್ವೀಪವೆಂದರೆ ಗಡ್ಡಿ. ತಿಂಥಣಿಯ ಮೌನೇಶ್ವರನ ಜಾತ್ರೆಗೆ ಹೋದಾಗಲೆಲ್ಲ ಕೃಷ್ಣೆಯನ್ನು ನೋಡಿದವರು ಅವರು. ಕಕ್ಕೇರಾ ಬಳಿಯ ನೀಲಕಂಠರಾಯನಗಡ್ಡಿಯ ಜನ, ಆಣೆಕಟ್ಟಿನಿಂದ ನೀರು ಬಿಟ್ಟಾಗಲೆಲ್ಲ ಹೊರಗಿನ ಲೋಕದ ಸಂಪರ್ಕ ಕಡಿದುಕೊಂಡು ಕೂಡುವುದನ್ನು ಕೇಳಿ ಬಲ್ಲವರು. "ಅಲ್ಲಪಾ, ನಮ್ಮ ಗಡ್ಡಿಗಿ ಹೋಗಾಕ ಹರಗೋಲು ಬೇಕು. ಆ ಗಡ್ಡಿಗಿ ಹೋಗಾಕ ಏನು ಬೇಕು?" ಎಂದು ಅವರು ಕೇಳಿದರು. ಉತ್ತರ ಸುಲಭವೆಂದು ನಾವು ತಿಳಿದಿದ್ದೆವು. ಅದಕ್ಕೆ ಒಂದು ತಿಂಗಳು ಹಿಡಿಯಿತು.

ಹಾದಿಯ ಆಯ್ಕೆ

ಯಾದಗಿರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ನೆರೆಯ ಕಲಬುರಗಿಯ ನಿಲ್ದಾಣವು 2019ರ ನವೆಂಬರ್ 22ರಂದು ಆರಂಭವಾಯಿತಾದರೂ ಅಲ್ಲಿಂದ ವಿದೇಶಕ್ಕೆ ಹಾರುವ ಅನುಕೂಲವಿರಲಿಲ್ಲ. ಆದುದರಿಂದ ನಮ್ಮ ಸೀಮೆಯವರಿಗೆ ಹೊರದೇಶದ ಹೆಬ್ಬಾಗಿಲುಗಳು ಎರಡೇ. ಒಂದು ಬೆಂಗಳೂರು, ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ಪಯಣ. ಇನ್ನೊಂದು ಹೈದರಾಬಾದಿನ ಶಂಷಾಬಾದ್. 2008ರ ಮಾರ್ಚ್‌ನಲ್ಲಿ ತೆರೆದ ಈ ನಿಲ್ದಾಣ ಯಾದಗಿರಿಯಿಂದ ರಸ್ತೆಯ ಮೇಲೆ ಸುಮಾರು 200 ಕಿ.ಮೀ. ಮಹಬೂಬ್‌ನಗರದ ಮೇಲೆ ಹೋದರೆ ಶಹರದ ಗದ್ದಲವನ್ನು ಹೊಗದೆಯೇ ತಲುಪಬಹುದು.

ಬೆಂಗಳೂರಿನಿಂದ ಬಾಲಿಗೆ ಇಂಡಿಗೋ ಸಂಸ್ಥೆಯ ನೇರ ವಿಮಾನವು 2024ರ ಮಾರ್ಚ್‌ನಲ್ಲಿ ಆಗಷ್ಟೇ ಆರಂಭವಾಗಿತ್ತು. ನಡುವೆ ಇಳಿದೇರುವ ಕಷ್ಟವಿಲ್ಲ, ದರವೂ ಮಿತ. ಆದರೆ ಆಗ ಅದರಲ್ಲಿ ಎಲ್ಲರಿಗೂ ಒಂದೇ ವರ್ಗ. ಆರು ತಾಸಿನ ಸುಮಾರಿನ ಆ ಪಯಣವನ್ನು ಕಾಲು ಮಡಚಿಯೇ ಮುಗಿಸಬೇಕು. ದಿಲ್ಲಿಯಿಂದ ವಿಸ್ತಾರ ಸಂಸ್ಥೆಯ ನೇರ ವಿಮಾನವಿತ್ತು. ಆ ಸಂಸ್ಥೆ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ತೆಂಕಣಕ್ಕೆ ಹೋಗುವವರು ಮೊದಲು ಬಡಗಣಕ್ಕೆ ದಿಲ್ಲಿಯವರೆಗೆ ಹೋಗುವುದು ನಮಗೆ ಸರಿಕಾಣಲಿಲ್ಲ. ಉಳಿದವು ಹೈದರಾಬಾದಿನಿಂದ ಒಂದು ಕಡೆ ಇಳಿದು ಹೋಗುವ ಹಾದಿಗಳು: ಥಾಯ್ ಏರ್‌ವೇಸಿನಲ್ಲಿ ಬ್ಯಾಂಕಾಕಿನ ಮೇಲೆ, ಮಲೇಶಿಯಾ ಏರ್‌ಲೈನ್ಸಿನಲ್ಲಿ ಕೌಲಾಲಂಪುರದ ಮೇಲೆ, ಸಿಂಗಪುರ ಏರ್‌ಲೈನ್ಸಿನಲ್ಲಿ ಸಿಂಗಪುರದ ಮೇಲೆ. ಈ ಮೂರರಲ್ಲಿಯೂ ಬಿಸಿನೆಸ್ ಕ್ಲಾಸ್ ಎಂಬ ಮುಂದಿನ ವರ್ಗವಿದೆ.

ಅವ್ವನ ಎರಡೂ ಮೊಣಕಾಲುಗಳು ಸವೆದಿವೆ. ಎರಡು ತಾಸು ಕಾಲು ಇಳಿಬಿಟ್ಟು ಕೂತರೆ ಪಾದಗಳು ಬಾತುಕೊಳ್ಳುತ್ತವೆ. ಆದುದರಿಂದ ಅವರಿಗಾದರೂ ಮುಂದಿನ ವರ್ಗ ಆಗಲೇಬೇಕೆಂದು ತಮ್ಮನು ಹಟ ಹಿಡಿದನು. ಖರ್ಚನ್ನು ತಾನೇ ವಹಿಸಿಕೊಂಡನು.

ಹೆಸರು ಒಂದೇ, ಆಸನ ಬೇರೆ

ಬಿಸಿನೆಸ್ ಕ್ಲಾಸ್ ಎಂಬುದು ಒಂದೇ ವಸ್ತುವೆಂದು ಅದುವರೆಗೆ ನಾವು ತಿಳಿದಿದ್ದೆವು. ವಿಚಾರಿಸುತ್ತ ಹೋದಂತೆ ಆ ಹೆಸರಿನಡಿ ಮೂರು ತರಹದ ಆಸನಗಳಿರುವುದು ತಿಳಿಯಿತು. ಕೆಲವು ಸಂಸ್ಥೆಗಳು, ಅದರಲ್ಲೂ ಯುರೋಪಿನ ಸಮೀಪದ ಹಾದಿಗಳಲ್ಲಿ, ಸಾಮಾನ್ಯ ಆಸನವನ್ನೇ ಕೊಟ್ಟು ನಡುವಿನ ಒಂದನ್ನು ಖಾಲಿ ಬಿಡುತ್ತವೆ. ಎರಡನೆಯದು ಅಗಲವಾದ ಒರಗುಕುರ್ಚಿ. ಬೆನ್ನು ಹಿಂದಕ್ಕೆ ಬಾಗುತ್ತದೆ, ಆದರೆ ಕಾಲು ಇಳಿಜಾರಿನಲ್ಲಿಯೇ ಇರುತ್ತದೆ. ಮೂರನೆಯದು ಹಾಸಿಗೆಯಂತೆ ಪೂರ್ಣ ಸಮತಟ್ಟಾಗುವ ಆಸನ. ಕಾಲು ಬಾಯುವವರಿಗೆ ನಿಜವಾದ ಉಪಕಾರ ಮಾಡುವುದು ಈ ಮೂರನೆಯದು.

ಇನ್ನೂ ಒಂದು ಸೂಕ್ಷ್ಮವಿದೆ. ಒಂದೇ ಸಂಸ್ಥೆಯ ಬೇರೆ ಬೇರೆ ವಿಮಾನಗಳಲ್ಲಿ ಆಸನ ಬೇರೆ ಬೇರೆಯಾಗಿರುತ್ತದೆ. ಸಿಂಗಪುರ ಏರ್‌ಲೈನ್ಸ್ ತನ್ನ ಹೊಸ ಬೋಯಿಂಗ್ 737-8 ವಿಮಾನಗಳಲ್ಲಿ ಮಲಗುವ ಆಸನಗಳನ್ನು 10ರಂತೆ ಇರಿಸಿದೆ; ಮಧ್ಯಮ ದೂರದ ಏರ್‌ಬಸ್ ಎ350 ವಿಮಾನಗಳಲ್ಲಿ 40. ಆದರೆ ಸಿಲ್ಕ್‌ಏರ್ ಎಂಬ ತನ್ನ ಅಂಗಸಂಸ್ಥೆಯಿಂದ 2021ರಲ್ಲಿ ಅದಕ್ಕೆ ಬಂದ ಹಳೆಯ 737-800ಗಳಲ್ಲಿ ಇದ್ದುದು ಒರಗುಕುರ್ಚಿ. ಹಣ ಕೊಡುವವರು ಸಂಸ್ಥೆಯ ಹೆಸರು ನೋಡಿದರೆ ಸಾಲದು. ತಮ್ಮ ದಿನದ ವಿಮಾನ ಯಾವ ಮಾದರಿಯದು, ಅದರ ಆಸನದ ನಕ್ಷೆ ಹೇಗಿದೆ ಎಂಬುದನ್ನು ಟಿಕೆಟ್ ಏಜೆಂಟರಿಂದ ಕೇಳಿ ತಿಳಿಯಬೇಕು. ಮುಂದಿನ ವರ್ಗಕ್ಕೆ ನಮ್ಮ ಪಯಣದಲ್ಲಿ ಬಿದ್ದ ದರ ಸಾಮಾನ್ಯ ದರದ ಮೂರು ಪಟ್ಟಿಗೆ ಸಮೀಪವಿತ್ತು. ಅದರ ಮೇಲೆ ಜಿ.ಎಸ್.ಟಿ.ಯೂ ಹೆಚ್ಚು: ಎಕಾನಮಿಗೆ ಶೇ. 5 ಇದ್ದರೆ ಮೇಲಿನ ವರ್ಗಗಳಿಗೆ ಆಗ ಶೇ. 12, 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18 ಆಗಿದೆ.

ಕೊಂಡ ವರ್ಗವನ್ನು ಕೊಡಲಾಗದೆ ಸಂಸ್ಥೆಯು ಪ್ರಯಾಣಿಕರನ್ನು ಕೆಳಗಿನ ವರ್ಗಕ್ಕೆ ಇಳಿಸಿದರೆ ಪರಿಹಾರವೂ ಉಂಟು. 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮದಂತೆ ದೇಶದೊಳಗಿನ ಪಯಣಕ್ಕೆ ಟಿಕೆಟ್ ಹಣದ ಶೇ. 75 ಮರಳಬೇಕು. ವಿದೇಶದ ಪಯಣಕ್ಕೆ 1,500 ಕಿ.ಮೀ.ವರೆಗೆ ಶೇ. 30, ಅಲ್ಲಿಂದ 3,500 ಕಿ.ಮೀ.ವರೆಗೆ ಶೇ. 50, ಅದಕ್ಕೂ ದೂರವಾದರೆ ಶೇ. 75. ಹೈದರಾಬಾದಿನಿಂದ ಸಿಂಗಪುರ ಸುಮಾರು 3,300 ಕಿ.ಮೀ. ಆದುದರಿಂದ ನಮಗೆ ಅನ್ವಯಿಸುತ್ತಿದ್ದುದು ಎರಡನೆಯ ದರ.

ಎಲ್ಲ ತೂಗಿ ನೋಡಿ ಸಿಂಗಪುರದ ಹಾದಿಯನ್ನು ಹಿಡಿದೆವು. ಹೋಗುವ ಪಯಣ ರಾತ್ರಿಯದು, ಬರುವ ಪಯಣ ಹಗಲು-ಸಂಜೆಯದು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದಿದೆ. ರಾತ್ರಿ ಹನ್ನೊಂದಕ್ಕೆ ಹೊರಟು ನಾಲ್ಕೂವರೆ ತಾಸು ಹಾರಿದರೆ ನಮ್ಮ ಲೆಕ್ಕದಲ್ಲಿ ಬೆಳಗಿನ ಜಾವ ಮೂರೂವರೆ. ಅಲ್ಲಿ ಆಗಲೇ ಆರು, ಬೆಳಗು. ಅಂದರೆ ಅರ್ಧ ರಾತ್ರಿ ಹಾದಿಯಲ್ಲಿಯೇ ಕಳೆದುಹೋಗುತ್ತದೆ. ಆದುದರಿಂದ ಹೋಗುವಾಗ ಮಾತ್ರ ಮುಂದಿನ ವರ್ಗ, ಬರುವಾಗ ಎಲ್ಲರೂ ಎಕಾನಮಿ ಎಂದು ನಿಶ್ಚಯಿಸಿದೆವು. ಅದರಿಂದ ಖರ್ಚು ಬಹಳ ತಗ್ಗಿತು. ಆರು ಜನರಲ್ಲಿ ಮುಂದಿನ ಆಸನ ಇಬ್ಬರಿಗೆ: ಒಂದು ಅವ್ವನಿಗೆ, ಇನ್ನೊಂದು ಅವರ ಜೊತೆಗಾರರಿಗೆ.

ಪಂಕ್ತಿಯ ಪ್ರಶ್ನೆ

ಈ ನಿಶ್ಚಯವನ್ನು ಹೇಳಿದ ರಾತ್ರಿ ಅವ್ವ ಊಟವನ್ನು ಅರ್ಧಕ್ಕೆ ಬಿಟ್ಟರು. "ಮಠದಾಗ ಪಂಕ್ತಿಭೇದ ಮಾಡಬಾರದು ಅಂತ ಹೇಳಿ ನಿಮ್ಮನ್ನ ಬೆಳೆಸೀನಿ. ಈಗ ಆಕಾಶದಾಗ ಮಾಡ್ತೀರೇನು? ನನ್ನ ಮೊಮ್ಮಕ್ಕಳು ಹಿಂದ ಮುದುಡಿ ಕೂಡಬೇಕು, ನಾ ಮುಂದ ಮಲಕೊಂಡು ಹೋಗಬೇಕೇನು?" ಎಂದರು.

ಅವರ ಮಾತು ಹಗುರವಾದುದಲ್ಲ. ಕಲಬುರಗಿಯ ಶರಣಬಸವೇಶ್ವರರ ದಾಸೋಹದ ಕಥೆಗಳನ್ನು ಕೇಳುತ್ತ ಬೆಳೆದ ನಮ್ಮ ಮನೆಗಳಲ್ಲಿ, ಪ್ರಸಾದದ ಸಾಲಿನಲ್ಲಿ ಉಳ್ಳವನೂ ಇಲ್ಲದವನೂ ಒಂದೇ ಮಟ್ಟದಲ್ಲಿ ಕೂಡಬೇಕೆಂಬುದು ಮೊದಲ ಪಾಠ. ವಿಮಾನವು ಒಂದೇ, ಹೊರಡುವುದೂ ಇಳಿಯುವುದೂ ಒಟ್ಟಿಗೇ. ನಡುವೆ ಮಾತ್ರ ಒಂದು ಪರದೆ. ಆ ಪರದೆಯ ಬೆಲೆಯೇ ಮೂರು ಪಟ್ಟು. ಇದನ್ನು ಪಂಕ್ತಿಭೇದವೆನ್ನದೆ ಏನೆನ್ನಬೇಕು?

ನಾವು ಎರಡು ದಿನ ಈ ಪ್ರಶ್ನೆಗೆ ಉತ್ತರ ಹುಡುಕಿದೆವು. ಉತ್ತರ ಕೊಟ್ಟವಳು ನಮ್ಮ ಮಗಳು. "ಅಜ್ಜಿ, ಜಾತ್ರೆಯ ಪ್ರಸಾದದ ಸಾಲಿನಲ್ಲಿ ಕೆಳಗೆ ಕೂಡಲು ಬಾರದವರಿಗೆ ಸ್ಟೂಲು ಹಾಕುತ್ತಾರಲ್ಲ, ಅದು ಪಂಕ್ತಿಭೇದವೇ?" ಎಂದು ಕೇಳಿದಳು. ಅವ್ವ ಬಹಳ ಹೊತ್ತು ಸುಮ್ಮನಿದ್ದು, "ಅಲ್ಲ" ಎಂದರು. ಅಂತಸ್ತಿಗಾಗಿ ಎತ್ತರದ ಆಸನ ಬೇಡುವುದು ಬೇರೆ, ನೋವಿಗಾಗಿ ಆಸನ ಕೊಡುವುದು ಬೇರೆ. ಮನೆಯವರು ಈ ವರ್ಗದ ಟಿಕೆಟ್ ಕೊಳ್ಳುವ ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನಮಗೆ ತೋರುತ್ತದೆ.

ಆದರೆ ಎರಡನೆಯ ಆಸನ ಯಾರಿಗೆ? ತಮ್ಮನು ಹಣ ಕೊಟ್ಟವನು. ನಾವು ಮನೆಗೆ ಹಿರಿಯರು. ಇಬ್ಬರೂ "ನೀನೇ ಕೂಡು" ಎಂದು ಬಾಯಲ್ಲಿ ಅನ್ನುತ್ತಿದ್ದೆವು. ಒಳಗೆ ಆಸೆ ಇಬ್ಬರಿಗೂ ಇತ್ತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಅವ್ವನೇ ತೀರ್ಪು ಕೊಟ್ಟರು. "ನನ್ನ ಕಾಲು ತಿಕ್ಕಾಕಿ ಯಾರು? ರಾತ್ರಿ ಎದ್ದರ ಕೈ ಹಿಡಿಯಾಕಿ ಯಾರು? ಇಪ್ಪತ್ತೆರಡು ವರ್ಷ ಆತು, ಎಲ್ಲರೂ ಉಂಡ ಮ್ಯಾಲೆ ಉಣ್ಣಾಕಿ ಯಾರು? ಸೊಸಿ ಕೂಡತಾಳ ನನ್ನ ಬಾಜೂಕ." ನಮ್ಮ ಮನೆಯಾಕೆ ಬೇಡವೇ ಬೇಡವೆಂದು ಅಡುಗೆಮನೆಯಿಂದಲೇ ಅಂದಳು. ಅವ್ವ ಕೇಳಲಿಲ್ಲ.

ಊಟ, ಕರಡಿಗೆ

ಸಸ್ಯಾಹಾರದ ಮನೆಯವರು ಟಿಕೆಟ್ ಕೊಂಡ ದಿನವೇ ಮಾಡಬೇಕಾದ ಕೆಲಸವೊಂದಿದೆ. ವಿಮಾನ ಸಂಸ್ಥೆಗಳು ಊಟಕ್ಕೆ ನಾಲ್ಕಕ್ಷರದ ಸಂಕೇತಗಳನ್ನಿಟ್ಟಿವೆ. ನಮ್ಮವರು ಹಲವರು 'ಹಿಂದೂ ಊಟ' ಎಂಬುದನ್ನು ಗುರುತು ಹಾಕುತ್ತಾರೆ. ಅದು 'ಎಚ್‌ಎನ್‌ಎಂಎಲ್', ಅದರಲ್ಲಿ ಗೋಮಾಂಸವಿರುವುದಿಲ್ಲ, ಆದರೆ ಕೋಳಿ, ಕುರಿ, ಮೀನು ಇರಬಹುದು. ನಮಗೆ ಬೇಕಾದುದು 'ಎವಿಎಂಎಲ್', ಅಂದರೆ ನಮ್ಮ ಕಡೆಯ ಮಸಾಲೆಯ ಶುದ್ಧ ಸಸ್ಯಾಹಾರ. ಮುಂದಿನ ವರ್ಗವಾದರೂ ಹಿಂದಿನ ವರ್ಗವಾದರೂ ಇದನ್ನು 24 ತಾಸು ಮೊದಲೇ ತಿಳಿಸಬೇಕು. ಇಳಿದೇರುವ ಎರಡೂ ವಿಮಾನಗಳಿಗೆ ದಾಖಲಾಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿದ್ದರೆ ಒಳ್ಳೆಯದೇ. ತುಪ್ಪ, ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿಡಬಾರದು. ವಿದೇಶದ ಪಯಣದಲ್ಲಿ 100 ಮಿ.ಲೀ.ಗಿಂತ ದೊಡ್ಡ ದ್ರವದ ಡಬ್ಬಿಯನ್ನು ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ವೀಲ್‌ಚೇರಿಗಾಗಿ ಮುಂದಿನ ವರ್ಗ ಕೊಳ್ಳಬೇಕೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಎಕಾನಮಿಯವರಿಗೂ ಅದು ದೊರೆಯುತ್ತದೆ. ಎರಡು ದಿನ ಮೊದಲು ತಿಳಿಸಿದರೆ ಸಾಕು.

ಅವ್ವನ ದೊಡ್ಡ ಚಿಂತೆ ಬೇರೆಯೇ ಇತ್ತು. ಕೊರಳಲ್ಲಿನ ಬೆಳ್ಳಿಯ ಕರಡಿಗೆ ತಪಾಸಣೆಯ ಯಂತ್ರದಲ್ಲಿ ಸದ್ದು ಮಾಡಿದರೆ, ಇಷ್ಟಲಿಂಗವನ್ನು ತೆಗೆದು ಟ್ರೇಯಲ್ಲಿಡು ಎಂದರೆ ಏನು ಮಾಡುವುದು? ಹೈದರಾಬಾದಿನಲ್ಲಿ ನಾವು ಸದ್ದಾಗುವ ಮೊದಲೇ ಮಹಿಳಾ ಸಿಬ್ಬಂದಿಗೆ ಇದು ಪೂಜೆಯ ಲಿಂಗವೆಂದು ತಿಳಿಸಿದೆವು. ಪರದೆಯ ಒಳಗೆ ಕರೆದೊಯ್ದು ಕೈಯಿಂದ ನೋಡಿ ಕಳಿಸಿದರು. ಸಿಂಗಪುರದ ಚಾಂಗಿಯಲ್ಲಿ ವಿಮಾನ ಹತ್ತುವ ದ್ವಾರದ ಬಳಿ ಮತ್ತೊಮ್ಮೆ ತಪಾಸಣೆಯಿತ್ತು. ಅಲ್ಲಿಯೂ ಮೊದಲೇ ತಿಳಿಸಿದುದರಿಂದ ಸುಗಮವಾಯಿತು. ಗಡಿಬಿಡಿಯಿಲ್ಲದೆ, ನಾಚಿಕೆಯಿಲ್ಲದೆ ಮೊದಲೇ ಹೇಳುವುದೇ ಇದಕ್ಕೆ ಉಪಾಯ.

ಪರದೆಯ ಆಚೆ, ಈಚೆ

ಅಂದು ರಾತ್ರಿ ನಾವು ನಾಲ್ವರು ಹಿಂದೆ, ಅತ್ತೆ-ಸೊಸೆ ಮುಂದೆ. ಊಟವಾದೊಡನೆ ದೀಪ ಆರಿಸಿದರು. ಮಗನ ತಲೆ ನಮ್ಮ ಹೆಗಲ ಮೇಲೆ, ನಮ್ಮ ಮೊಣಕಾಲು ಮುಂದಿನ ಆಸನಕ್ಕೆ. ನಾಲ್ಕೂವರೆ ತಾಸು ಹೇಗೋ ಕಳೆಯಿತು. ನಡುವಯಸ್ಸಿನವರಿಗೂ ಮಕ್ಕಳಿಗೂ ಅದು ತಾಳಲಾರದ ಕಷ್ಟವೇನಲ್ಲ.

ಚಾಂಗಿಯಲ್ಲಿ ಇಳಿದಾಗ ಅವ್ವನ ಪಾದಗಳನ್ನು ನೋಡಿದೆವು. ಬಾವು ಇರಲಿಲ್ಲ. ನಮ್ಮ ಮನೆಯಾಕೆ ನಗುತ್ತ, ಅವ್ವ ಅಂಗಾತ ಮಲಗಿದ್ದುದು ಶಹಾಪುರದ ಬೆಟ್ಟದ ಮಲಗಿದ ಬುದ್ಧನಂತೆಯೇ ಕಾಣುತ್ತಿತ್ತು ಎಂದಳು. ಮುಂದಿನ ವರ್ಗದ ಟಿಕೆಟ್ಟಿಗೆ ನಿಲ್ದಾಣದ ವಿಶ್ರಾಂತಿಗೃಹದ ಪ್ರವೇಶವೂ ಸೇರಿತ್ತು. ಅಲ್ಲಿ ಸ್ನಾನದ ಕೋಣೆಯಿತ್ತು. ಅವ್ವ ಬಿಸಿನೀರಿನಲ್ಲಿ ಮಿಂದು, ವಿಭೂತಿ ಧರಿಸಿ, ಒಂದು ಮೂಲೆಯಲ್ಲಿ ಕೂತು ಲಿಂಗಪೂಜೆ ಮುಗಿಸಿಕೊಂಡು ಬಂದರು. ಆ ತಂಗುದಾಣಕ್ಕೆ ನಮಗೆ ಪ್ರವೇಶವಿಲ್ಲದುದರಿಂದ ನಾವು ಹೊರಗಿನ ಬೆಂಚಿನ ಮೇಲೆ ಕಾದೆವು. ಎಷ್ಟು ದುಡ್ಡು ಕೊಟ್ಟರೂ ಪೂಜೆ ತಪ್ಪಿದ್ದರೆ ಅವ್ವನಿಗೆ ಆ ಪಯಣ ಕಷ್ಟದ್ದೇ ಆಗುತ್ತಿತ್ತು. ಮೆತ್ತನೆಯ ಆಸನಕ್ಕಿಂತ ಆ ಸ್ನಾನದ ಕೋಣೆಯೇ ನಮ್ಮ ಹಣಕ್ಕೆ ಹೆಚ್ಚು ಬೆಲೆ ತಂದಿತೆಂದರೆ ತಪ್ಪಾಗದು.

ನಮ್ಮ ಮನೆಯಾಕೆಗೆ ನಿದ್ದೆ ಬಂದಿತೇ ಎಂದು ಕೇಳಿದೆವು. ಬಹಳ ಹೊತ್ತು ಬರಲಿಲ್ಲವೆಂದಳು. ಏಕೆಂದರೆ, "ಆ ಹುಡುಗಿ ಬಂದು ನಿಮಗೇನು ಬೇಕು ಎಂದು ಕೇಳಿ ತಟ್ಟೆಯನ್ನು ನನ್ನ ಮುಂದೆ ಮೊದಲು ಇಟ್ಟಳು. ನೀವೆಲ್ಲ ಉಂಡಿರೋ ಇಲ್ಲವೋ ಗೊತ್ತಿಲ್ಲದೆ ನಾನು ಉಂಡೆ. ಮದುವೆಯಾದ ಮೇಲೆ ಇದೇ ಮೊದಲು." ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಅದಕ್ಕೇ ನಮಗೆ ಉತ್ತರ ತೋಚಲಿಲ್ಲ.

ಗಡ್ಡಿಯ ಮೇಲೆ

ಸಿಂಗಪುರದಿಂದ ಬಾಲಿಗೆ ಮೂರು ತಾಸಿನೊಳಗಿನ ಹಾರಾಟ. ಇಳಿದೊಡನೆ ವೀಸಾಕ್ಕೆ ತಲಾ 5 ಲಕ್ಷ ರೂಪಾಯ, ಜೊತೆಗೆ 2024ರ ಫೆಬ್ರವರಿಯಿಂದ ಜಾರಿಗೆ ಬಂದ ಪ್ರವಾಸಿ ಶುಲ್ಕ 1.5 ಲಕ್ಷ ರೂಪಾಯ ಕೊಟ್ಟೆವು. ಅಂಕಿ ಕೇಳಿ ಗಾಬರಿಯಾಗಬೇಕಿಲ್ಲ. ಅದು ಇಂಡೊನೇಶಿಯಾದ ನಾಣ್ಯ. ಅಲ್ಲಿಗೆ ಹೋಗುವವರು ಒಂದು ದಿನವನ್ನು ಮಾತ್ರ ತಪ್ಪಿಸಬೇಕು. ಅವರ ಹೊಸವರ್ಷದ 'ನ್ಯೆಪಿ' ಎಂಬ ಮೌನದ ದಿನ ವಿಮಾನ ನಿಲ್ದಾಣವೂ 24 ತಾಸು ಮುಚ್ಚಿರುತ್ತದೆ. ಆ ವರ್ಷ ಅದು ಮಾರ್ಚ್ 11ರಂದು ಬಂದಿತ್ತು. ಅವರಿಗೂ ಅಂದು ಆರಂಭವಾದುದು ನಮ್ಮ ಯುಗಾದಿಯಂತೆಯೇ ಶಕವರ್ಷ 1946 ಎಂದು ಕೇಳಿ ಅವ್ವ ಬೆರಗಾದರು.

ಸಾನೂರಿನ ದಂಡೆಯಲ್ಲಿ ಸೂರ್ಯೋದಯದ ಹೊತ್ತಿಗೆ ಅವ್ವ ಸಮುದ್ರಕ್ಕೆ ಇಳಿದರು. ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡರು, ನಾಲಗೆಗೆ ಮುಟ್ಟಿಸಿದರು. "ಇಷ್ಟು ನೀರದ, ಒಂದೆಕರೆ ಭತ್ತಕ್ಕ ಬರಂಗಿಲ್ಲ ನೋಡು" ಎಂದರು. ಒಕ್ಕಲುತನದ ಕಣ್ಣಿಗೆ ಸಮುದ್ರ ಕಂಡುದು ಹೀಗೆ.

ಜತಿಲುವಿಹ್ ಎಂಬಲ್ಲಿ ಬೆಟ್ಟದ ಇಳಿಜಾರಿನ ಭತ್ತದ ಗದ್ದೆಗಳನ್ನು ನೋಡಿದೆವು. 'ಸುಬಕ್' ಎಂಬ ರೈತರ ನೀರಿನ ಸಂಘಗಳು ಅಲ್ಲಿ ಒಂಬತ್ತನೆಯ ಶತಮಾನದಿಂದ ನಡೆದು ಬಂದಿವೆ. 2012ರಲ್ಲಿ ಯುನೆಸ್ಕೊ ಅವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ತೊರೆಯ ನೀರು ಕುಡಿಯುವ ಗದ್ದೆಗಳ ಒಡೆಯರೆಲ್ಲ ಒಂದೇ ಸಂಘದವರು. ಯಾರು ಎಂದು ನಾಟಿ ಮಾಡಬೇಕು, ಯಾರ ಪಾಲಿಗೆ ಎಷ್ಟು ನೀರು ಎಂಬುದನ್ನು ಕೂಡಿ ಕೂತು, ನೀರಿನ ಗುಡಿಯ ಸಾಕ್ಷಿಯಲ್ಲಿ ನಿಶ್ಚಯಿಸುತ್ತಾರೆ. ಕಾಲುವೆಯ ಬಾಲದ ಹೊಲದವರಾದ ನಾವು ಬಹಳ ಹೊತ್ತು ಆ ಮಡಿಗಳ ಅಂಚಿನಲ್ಲಿ ನಿಂತೆವು. ಕೆಳಗಿನ ಮಡಿಯಲ್ಲಿಯೂ ಮೇಲಿನ ಮಡಿಯಷ್ಟೇ ನೀರಿತ್ತು.

ಮರಳಿ ಮನೆಗೆ

ಬರುವಾಗ ಆರೂ ಜನ ಒಂದೇ ವರ್ಗದಲ್ಲಿ ಬಂದೆವು. ಹಗಲಾದುದರಿಂದ ಅವ್ವ ತಾಸಿಗೊಮ್ಮೆ ಎದ್ದು ಸಾಲಿನ ನಡುವೆ ಓಡಾಡಿದರು. ಪಾದ ಕೊಂಚ ಬಾತವು, ಮರುದಿನ ಇಳಿದವು. ನಮ್ಮ ಲೆಕ್ಕ ತಪ್ಪಿರಲಿಲ್ಲ. ದ್ವೀಪದ ಪ್ರವಾಸಕ್ಕೆ ಹೊರಡುವ ಬಾಂಧವರಿಗೆ ನಾವು ಹೇಳುವುದು ಇಷ್ಟೇ. ಮುಂದಿನ ವರ್ಗವನ್ನು ಹೆಸರಿಗಾಗಿ ಕೊಳ್ಳಬೇಡಿರಿ. ರಾತ್ರಿಯ ಉದ್ದದ ಹಾದಿಗೆ, ಮಲಗುವ ಆಸನವೇ ಎಂದು ಕೇಳಿ ತಿಳಿದು, ಮನೆಯಲ್ಲಿ ಯಾರಿಗೆ ಅದರ ಅಗತ್ಯವಿದೆಯೋ ಅವರಿಗಾಗಿ ಕೊಳ್ಳಿರಿ. ಅಗತ್ಯ ಯಾರದು ಎಂಬುದನ್ನು ಮನೆಯ ಗಂಡಸರು ತಾವೇ ನಿಶ್ಚಯಿಸದೆ ಹಿರಿಯರನ್ನು ಒಮ್ಮೆ ಕೇಳಿರಿ.

ಈಗ ನಮ್ಮ ಮನೆಯಲ್ಲಿ ರಾತ್ರಿಯ ಊಟಕ್ಕೆ ರೊಟ್ಟಿ, ಪಲ್ಯ, ಅನ್ನ, ಸಾರು ಎಲ್ಲವನ್ನೂ ನಡುಮನೆಗೆ ತಂದಿಟ್ಟುಕೊಂಡು ಎಲ್ಲರೂ ಒಂದೇ ಸಾಲಿನಲ್ಲಿ ಕೂಡುತ್ತೇವೆ. ಅವ್ವನಿಗೊಂದು ಕುರ್ಚಿ. ಬಿಸಿ ರೊಟ್ಟಿ ಆರುತ್ತದೆಂದು ನಮ್ಮ ಮನೆಯಾಕೆ ಮೊದಮೊದಲು ಗೊಣಗುತ್ತಿದ್ದಳು. ಆರಿದ ರೊಟ್ಟಿ ನಮಗೀಗ ರೂಢಿಯಾಗಿದೆ.